ಮರದ ಬೇಲಿಕಂಬ ನೆಡುವಿಕೆ

ಮರದ ಬೇಲಿಕಂಬ ನೆಡುವಿಕೆ ಎಂದರೆ ಮನೆಯ ಹಿತ್ತಲು, ಕೈತೋಟ ಅಥವಾ ಹಣ್ಣಿನ ತೋಟದ ಸುತ್ತ ಹಾಕುವ ಬೇಲಿಗೆ ಆಧಾರವಾಗಿ ಮರದ ಕಂಬಗಳನ್ನು ನೆಲದಲ್ಲಿ ಅಲುಗದಂತೆ ನಿಲ್ಲಿಸುವ ಕೆಲಸ. ಮೇಲೆ ಮುಳ್ಳುತಂತಿ, ಜಾಳಿಗೆ, ಬಿದಿರ ತಟ್ಟಿ ಅಥವಾ ಹಲಗೆ ಯಾವುದನ್ನೇ ಕಟ್ಟಿದರೂ ಬೇಲಿಯ ಭದ್ರತೆ ನೆಲದೊಳಗಿನ ಕಂಬದ ಭಾಗವನ್ನು ಅವಲಂಬಿಸಿದೆ. ಕಂಬದ ಆಳ, ಗುಂಡಿಯ ಆಕಾರ, ತುಂಬುವ ಮಣ್ಣು, ನೀರು ಬಸಿದು ಹೋಗುವ ದಾರಿ ಮತ್ತು ಮರದ ಜಾತಿ ಈ ಐದು ಸಂಗತಿಗಳು ಅದನ್ನು ನಿರ್ಧರಿಸುತ್ತವೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಗುರುಗುಂಟಾ ಮತ್ತು ನೆರೆಯ ಮಸ್ಕಿ, ಸಿಂಧನೂರು ಭಾಗಗಳಲ್ಲಿ ಎರೆ, ಮಸಾರಿ ಹಾಗೂ ಗರಸು ನೆಲಗಳು ಅಕ್ಕಪಕ್ಕದಲ್ಲಿಯೇ ಸಿಗುವುದರಿಂದ ಒಂದು ಹೊಲದಲ್ಲಿ ಗಟ್ಟಿಯಾಗಿ ನಿಂತ ಕ್ರಮ ಪಕ್ಕದ ಹೊಲದಲ್ಲಿ ಸೋಲುವುದುಂಟು. ಈ ಲೇಖನವು ಸಾಮಾನ್ಯ ತತ್ವಗಳನ್ನು ವಿವರಿಸಿ, ಆ ಸೀಮೆಯ ನೆಲಕ್ಕೆ ಅವುಗಳನ್ನು ಅನ್ವಯಿಸುತ್ತದೆ.

ಪದಗಳು

'ಕಂಬ' ಎಂಬುದು ಸಂಸ್ಕೃತದ 'ಸ್ತಂಭ' ಶಬ್ದದ ತದ್ಭವ. 'ಬೇಲಿ' ದ್ರಾವಿಡ ಮೂಲದ್ದು. ತಮಿಳು ಹಾಗೂ ಮಲಯಾಳಗಳಲ್ಲಿ ಅದು 'ವೇಲಿ'ಯಾಗಿದೆ. ದನ ಕಟ್ಟುವ ಗಿಡ್ಡ ಕಂಬಕ್ಕೆ 'ಗೂಟ' ಎಂದೇ ಹೆಸರು. ಬೇಲಿಯ ಸಣ್ಣ ಕಂಬಗಳನ್ನೂ ಹಳ್ಳಿಗಳಲ್ಲಿ ಗೂಟವೆಂದೇ ಕರೆಯುತ್ತಾರೆ. ಕಪ್ಪು ಜೇಡಿಮಣ್ಣಿನ ನೆಲ 'ಎರೆ', ಕೆಂಪು ಮರಳುಮಿಶ್ರ ನೆಲ 'ಮಸಾರಿ', ಕೊಳೆತ ಕಲ್ಲಿನ ಹರಳುಮಣ್ಣು 'ಗರಸು', ಉಪ್ಪೇರಿದ ನೆಲ 'ಸವಳು'. ಕಾವಲಿರಬೇಕಾದವನೇ ಕೆಡಿಸುವುದಕ್ಕೆ 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬ ಗಾದೆ ನಾಡಿನಾದ್ಯಂತ ಬಳಕೆಯಲ್ಲಿದೆ. ಬೇಲಿ ಎದ್ದು ಮೇಯುವುದು ಅಪರೂಪ. ಬೇಲಿ ಬಿದ್ದು ಆಡು ಒಳಗೆ ಬರುವುದು ಮಾತ್ರ ಪ್ರತಿ ಮಳೆಗಾಲದ ಸುದ್ದಿ.

ಇತಿಹಾಸ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬ್ ಹಾಗೂ ಅದರ ಸುತ್ತಲಿನ ಪ್ರದೇಶವು ದಕ್ಷಿಣ ಭಾರತದ ನವಶಿಲಾಯುಗದ ಪಶುಪಾಲಕರ ನೆಲೆ. ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದ ಬ್ರಿಟಿಷ್ ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಅವರು 1957ರಲ್ಲಿ ಅಂದಿನ ಮಹಬೂಬನಗರ ಜಿಲ್ಲೆಯ ಉಟ್ನೂರಿನ ಬೂದಿದಿಬ್ಬವನ್ನು ಅಗೆದಾಗ, ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಯ ಸುತ್ತ ಸಾಲಾಗಿ ನೆಟ್ಟಿದ್ದ ಮರದ ಕಂಬಗಳ ಗುಂಡಿಗಳು ದೊರೆತವು. ದನಗಳ ಗೊರಸಿನ ಗುರುತುಗಳೂ ಅಲ್ಲಿ ಉಳಿದಿದ್ದವು. ಆ ನೆಲೆಯ ಕಾಲ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನ. ಮರವು ಕೊಳೆತು ಅಥವಾ ಸುಟ್ಟು ಹೋದರೂ ಅದು ನಿಂತಿದ್ದ ಗುಂಡಿಯಲ್ಲಿ ತುಂಬಿಕೊಂಡ ಮಣ್ಣು ಬೇರೆ ಬಣ್ಣದ್ದಾಗಿ, ಸಡಿಲವಾಗಿ ಉಳಿಯುತ್ತದೆ. ಪುರಾತತ್ತ್ವದಲ್ಲಿ ಇದೇ ಕಂಬಗುಂಡಿಯ ಗುರುತು. ಕಂಬ ನೆಡುವ ವಿದ್ಯೆಗೆ ಈ ಸೀಮೆಯಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಮಿಕ್ಕ ಹಳಮೆಯಿದೆ ಎಂದು ಇದರಿಂದ ಹೇಳಬಹುದು.

ಮುಂದಿನ ಕಾಲದಲ್ಲಿ ಕೃಷಿಕರ ಬೇಲಿಯೆಂದರೆ ಬಹುತೇಕ ಜಾಲಿಯ ಮುಳ್ಳನ್ನು ಒಟ್ಟಿ, ನಡುನಡುವೆ ಗೂಟ ಹೊಡೆದದ್ದು. ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫ್ ಗ್ಲಿಡನ್ ಎಂಬ ರೈತ 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಪಡೆದ ನಂತರ ಬೇಲಿಯ ಸ್ವರೂಪವೇ ಬದಲಾಯಿತು. ಒಟ್ಟಿದ ಮುಳ್ಳಿನ ಬೇಲಿಯಲ್ಲಿ ಗೂಟವು ಮುಳ್ಳು ಜಾರದಂತೆ ಹಿಡಿದರೆ ಸಾಕಿತ್ತು. ತಂತಿಬೇಲಿಯಲ್ಲಿ ಕಂಬವು ತಂತಿಯ ಸೆಳೆತವನ್ನು ವರ್ಷಗಟ್ಟಲೆ ಹೊರಬೇಕು. ಹಳೆಯ ಗೂಟ ಹೊಡೆಯುವ ರೀತಿಯಲ್ಲಿಯೇ ಹೊಸ ತಂತಿಯ ಬೇಲಿಯನ್ನು ನಿಲ್ಲಿಸಲು ಹೋಗುವುದು ಇಂದಿಗೂ ಬೇಲಿ ವಾಲುವುದಕ್ಕೆ ಮುಖ್ಯ ಕಾರಣ.

ಗುರುಗುಂಟಾ ಸುತ್ತಲಿನ ನೆಲ

ಗುರುಗುಂಟಾ ಹಿಂದೆ ಹೈದರಾಬಾದ್ ನಿಜಾಮರ ಅಧೀನದಲ್ಲಿದ್ದ ಒಂದು ಚಿಕ್ಕ ಸಂಸ್ಥಾನದ ಕೇಂದ್ರ. ಹಟ್ಟಿ ಚಿನ್ನದ ಗಣಿಯೂ ದೇವರಭೂಪುರದ ಅಮರೇಶ್ವರ ಕ್ಷೇತ್ರವೂ ಇದರ ಸಮೀಪದಲ್ಲಿವೆ. ಬಂಡೆಗುಡ್ಡಗಳ ಬುಡದಲ್ಲಿ ಗರಸು ಹಾಗೂ ಮಸಾರಿ, ತಗ್ಗಿನಲ್ಲಿ ಎರೆ ಎಂಬುದು ಈ ಭಾಗದ ನೆಲದ ಸಾಮಾನ್ಯ ರಚನೆ. ಮಳೆ ಕಡಿಮೆ, ಅದರ ಬಹುಭಾಗ ಜೂನ್‌ನಿಂದ ಅಕ್ಟೋಬರ್ ಒಳಗೆ ಬೀಳುತ್ತದೆ. ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮುಂಗಾರಿಗೆ ಮೊದಲು ಬೀಸುವ ಗುಡುಗುಗಾಳಿ ತಡಿಕೆ ಕಟ್ಟಿದ ಬೇಲಿಗಳನ್ನು ಹೆಚ್ಚಾಗಿ ಕೆಡಹುತ್ತದೆ.

ಎರೆ ನೆಲದ ಜೇಡಿಯು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಬಿಡುವ ಬಿರುಕಿನೊಳಗೆ ಕೈ ತೂರಿಸಬಹುದು. ಆಳವಾದ ಎರೆಯಲ್ಲಿ ಈ ಉಬ್ಬು-ಕುಗ್ಗಿನ ಪರಿಣಾಮ ಸುಮಾರು 3.5 ಮೀಟರ್ ಆಳದವರೆಗೂ ಇರುತ್ತದೆಂದು ಕಟ್ಟಡ ನಿರ್ಮಾಣದಲ್ಲಿ ಪರಿಗಣಿಸುತ್ತಾರೆ. ಬೇಲಿಕಂಬವನ್ನು ಅಷ್ಟು ಆಳಕ್ಕೆ ಇಳಿಸುವುದು ಅಸಾಧ್ಯವಾದ್ದರಿಂದ ಎರೆಯಲ್ಲಿ ಕಂಬ ಒಂದಿಷ್ಟೂ ಕದಲಬಾರದೆಂದು ಬಯಸುವುದು ತಪ್ಪು. ಕದಲಿದರೂ ವಾಲದಂತೆ, ಮೇಲಕ್ಕೆ ಏಳದಂತೆ ನೋಡಿಕೊಳ್ಳುವುದಷ್ಟೇ ಸಾಧ್ಯ.

ನಾರಾಯಣಪುರ ಬಲದಂಡೆ ಕಾಲುವೆ ಹಾಗೂ ತುಂಗಭದ್ರಾ ಎಡದಂಡೆ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಇನ್ನೊಂದು ತೊಡಕಿದೆ. ಸಿಂಧನೂರು ಕಡೆಯ ಭತ್ತದ ಗದ್ದೆಗಳ ಪಕ್ಕದ ಹಿತ್ತಲುಗಳಲ್ಲಿ ನೆಲ ವರ್ಷದ ಬಹುಕಾಲ ತೇವವಾಗಿರುತ್ತದೆ. ಕೆಲವೆಡೆ ಸವಳೂ ಏರಿದೆ. ಅಲ್ಲಿ ಮರ ಬೇಗ ಕೊಳೆಯುತ್ತದೆ, ತಂತಿ ಮತ್ತು ಮೊಳೆ ಬೇಗ ತುಕ್ಕು ಹಿಡಿಯುತ್ತವೆ. ಅಂಥ ಕಡೆ ಮರದ ಕಂಬಕ್ಕಿಂತ ಕಲ್ಲುಕಂಬವೇ ಲೇಸು.

ಕಂಬ ಕೆಡುವ ಬಗೆ

ಮರದ ಕಂಬವು ಸಾಮಾನ್ಯವಾಗಿ ನೆಲದ ಮಟ್ಟದಲ್ಲಿ, ಮೇಲೆ ಕೆಳಗೆ ಒಂದೊಂದು ಗೇಣಿನ ಅಂತರದಲ್ಲಿ ಕೊಳೆಯುತ್ತದೆ. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಕಂಬದ ತುದಿ ಒಣಗಿರುತ್ತದೆ. ಆಳದ ಬುಡಕ್ಕೆ ಗಾಳಿ ಕಡಿಮೆ. ನೆಲದ ಮಟ್ಟದಲ್ಲಿ ಎರಡೂ ಕೂಡುತ್ತವೆ. ಬಿದ್ದ ಹಳೆಯ ಕಂಬವನ್ನು ಕಿತ್ತು ನೋಡಿದರೆ ಬುಡದ ತುದಿ ಗಟ್ಟಿಯಾಗಿದ್ದು ನಡುವೆ ಮಾತ್ರ ಸವೆದು ಸೊಂಟದಂತೆ ಸಣ್ಣಗಾಗಿರುವುದು ಕಾಣುತ್ತದೆ. ತಂತಿಯ ಎಳೆತದಿಂದ ಹುಟ್ಟುವ ಬಾಗುವ ಒತ್ತಡವೂ ನೆಲದ ಮಟ್ಟದ ಆಸುಪಾಸಿನಲ್ಲಿಯೇ ಹೆಚ್ಚು. ಕಂಬ ಹೆಚ್ಚು ಬಲವಾಗಿರಬೇಕಾದ ಜಾಗದಲ್ಲಿಯೇ ಅದು ಮೊದಲು ದುರ್ಬಲವಾಗುತ್ತದೆ.

ಎರಡನೆಯ ಶತ್ರು ಗೆದ್ದಲು. ಮಸಾರಿ ಹಾಗೂ ಗರಸು ನೆಲಗಳಲ್ಲಿ ಇದರ ಕಾಟ ಬಹಳ. ಗೆದ್ದಲು ತೊಗಟೆಯ ಅಡಿಯಲ್ಲಿ ಮಣ್ಣಿನ ಹೊದಿಕೆ ಕಟ್ಟಿಕೊಂಡು ಬಿಳಿಮರವನ್ನು ಮೊದಲು ತಿನ್ನುತ್ತದೆ. ಆದ್ದರಿಂದ ತೊಗಟೆ ಸುಲಿಯದೆ ಕಂಬ ನೆಡುವುದೆಂದರೆ ಗೆದ್ದಲಿಗೆ ಮನೆ ಕಟ್ಟಿಕೊಟ್ಟಂತೆ.

ಮರದ ಆಯ್ಕೆ

ಮರದ ತಿರುಳು ಬಾಳುತ್ತದೆ, ಹೊರಸುತ್ತಿನ ಬಿಳಿಮರ ಬಾಳುವುದಿಲ್ಲ. ಇದು ಎಲ್ಲ ಜಾತಿಗಳಿಗೂ ಅನ್ವಯಿಸುತ್ತದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯೂ ಬೆಂಗಳೂರಿನ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಮರದ ತುಂಡುಗಳನ್ನು ಅರ್ಧದಷ್ಟು ನೆಲದಲ್ಲಿ ಹೂಳಿ, ಎಷ್ಟು ಕಾಲ ಉಳಿಯುತ್ತವೆಂದು ಪರೀಕ್ಷಿಸುತ್ತವೆ. ಈ ಪರೀಕ್ಷೆಗೆ 'ಸ್ಮಶಾನ ಪರೀಕ್ಷೆ' ಎಂಬ ಅರ್ಥದ ಇಂಗ್ಲಿಷ್ ಹೆಸರಿರುವುದು ತಮಾಷೆಯಾದರೂ ಸಮರ್ಪಕ. ಭಾರತೀಯ ಮಾನಕದ ಪ್ರಕಾರ ಸರಾಸರಿ 120 ತಿಂಗಳು ಅಥವಾ ಹೆಚ್ಚು ಉಳಿಯುವ ಮರ ಅಧಿಕ ಬಾಳಿಕೆಯದು, 60ರಿಂದ 120 ತಿಂಗಳು ಉಳಿಯುವುದು ಮಧ್ಯಮ, 60 ತಿಂಗಳಿಗಿಂತ ಕಡಿಮೆ ಉಳಿಯುವುದು ಅಲ್ಪ ಬಾಳಿಕೆಯದು.

ತೇಗದ ತಿರುಳು ಅಧಿಕ ಬಾಳಿಕೆಯ ವರ್ಗಕ್ಕೆ ಸೇರುತ್ತದೆ; ಆದರೆ ಬೇಲಿಗೆ ತೇಗ ಹಾಕುವಷ್ಟು ಅನುಕೂಲ ಯಾರಿಗೂ ಇರುವುದಿಲ್ಲ. ಕಟ್ಟಿಗೆ ಅಡ್ಡೆಗಳಲ್ಲಿ ಅಗ್ಗವಾಗಿ ಸಿಗುವ ತೇಗದ ಎಳೆಯ ಕಂಬಗಳಲ್ಲಿ ತಿರುಳಿಗಿಂತ ಬಿಳಿಮರವೇ ಹೆಚ್ಚಾಗಿರುವುದರಿಂದ ತೇಗವೆಂಬ ಹೆಸರನ್ನು ನಂಬಿ ಕೊಂಡವರು ಮೋಸಹೋಗುತ್ತಾರೆ. ಕರಿಜಾಲಿಯ ಬಲಿತ ಕಂಬ ಈ ಭಾಗದಲ್ಲಿ ಹಿಂದಿನಿಂದಲೂ ಬಳಕೆಯಲ್ಲಿದ್ದು, ನೇಗಿಲು ಹಾಗೂ ಬಂಡಿಯ ಭಾಗಗಳಿಗೂ ಅದನ್ನೇ ಬಳಸುತ್ತಿದ್ದರು. ಬೇವಿನ ಮರ ಕಹಿಯಾದರೂ ನೆಲದೊಳಗೆ ಹೂಳಿದ ಎಳೆಯ ಬೇವು ಕೊಳೆಯದೆ ಇರುವುದಿಲ್ಲ. ನೀಲಗಿರಿ ಮತ್ತು ಸರ್ವೆಯ ಕಂಬಗಳು ನೆಟ್ಟಗೆ, ಅಗ್ಗವಾಗಿ ದೊರೆಯುತ್ತವೆ. ಸಂಸ್ಕರಿಸದೆ ನೆಟ್ಟರೆ ಕೆಲವೇ ವರ್ಷಗಳಲ್ಲಿ ಕೆಡುತ್ತವೆ.

ಬಳ್ಳಾರಿ ಜಾಲಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಮೆರಿಕ ಖಂಡ ಮೂಲದ ಈ ಗಿಡ 1877ರ ಸುಮಾರಿಗೆ ಅಂದಿನ ಮದರಾಸು ಪ್ರಾಂತದ ಕಡಪಾ ಸೀಮೆಗೆ ತರಲ್ಪಟ್ಟು, ಈಗ ರಾಯಚೂರು ಜಿಲ್ಲೆಯ ಹಳ್ಳದ ದಂಡೆ, ರಸ್ತೆ ಬದಿ, ಪಾಳುಭೂಮಿಗಳನ್ನೆಲ್ಲ ಆವರಿಸಿದೆ. ಇದರ ಬಲಿತ ಕಾಂಡದ ತಿರುಳು ಭಾರವಾದದ್ದು, ಗಟ್ಟಿಯಾದದ್ದು. ಒಣಗುವಾಗ ಹೆಚ್ಚು ಕುಗ್ಗುವುದೂ ಇಲ್ಲ. ದೋಷವೆಂದರೆ ಅದು ನೆಟ್ಟಗೆ ಬೆಳೆಯುವುದಿಲ್ಲ. ನಾಲ್ಕು ಅಂಗುಲ ದಪ್ಪದ ಆರು ಅಡಿ ಉದ್ದದ ನೇರ ಕಂಬ ನೂರರಲ್ಲಿ ಹತ್ತು ಸಿಕ್ಕರೆ ಪುಣ್ಯ. ಹಿತ್ತಲ ಬೇಲಿಗೆ ಅಷ್ಟು ನೇರವಿರಬೇಕಾದ ಅಗತ್ಯವೂ ಇಲ್ಲ. ಊರ ಸುತ್ತ ಉಚಿತವಾಗಿ ಬೆಳೆದು ಜನರ ಕಾಲಿಗೆ ಚುಚ್ಚುತ್ತಿರುವ ಮರವನ್ನು ಬಿಟ್ಟು ದೂರದಿಂದ ನೀಲಗಿರಿ ತರಿಸುವುದು ವಿಚಾರ ಮಾಡಬೇಕಾದ ಸಂಗತಿ.

ಕಂಬದ ದಪ್ಪದ ಬಗ್ಗೆ ಉಳಿತಾಯ ಮಾಡಬಾರದು. ದುಂಡು ಕಂಬದ ಬಾಗುವಿಕೆಯನ್ನು ತಡೆಯುವ ಬಲವು ವ್ಯಾಸದ ಘನದ ಪ್ರಮಾಣದಲ್ಲಿ ಏರುತ್ತದೆ. ಮೂರು ಅಂಗುಲದ ಕಂಬಕ್ಕಿಂತ ನಾಲ್ಕು ಅಂಗುಲದ್ದು ಎರಡೂ ಕಾಲು ಪಟ್ಟಿಗೂ ಹೆಚ್ಚು ಬಲಶಾಲಿ. ಸಾಲಿನ ಕಂಬಗಳಿಗೆ ಮೂರೂವರೆಯಿಂದ ನಾಲ್ಕು, ಮೂಲೆಗಂಬ ಮತ್ತು ಬಾಗಿಲ ಕಂಬಗಳಿಗೆ ಐದರಿಂದ ಆರು ಅಂಗುಲ ದಪ್ಪ ಯೋಗ್ಯ.

ಸಂಸ್ಕರಣೆ

ಮೊದಲ ಹಾಗೂ ಖರ್ಚಿಲ್ಲದ ಸಂಸ್ಕಾರವೆಂದರೆ ತೊಗಟೆ ಸುಲಿದು, ನೆರಳಿನಲ್ಲಿ ಕಲ್ಲಿನ ಮೇಲೆ ಅಡ್ಡಡ್ಡ ಪೇರಿಸಿ ಕೆಲವು ತಿಂಗಳು ಒಣಗಿಸುವುದು. ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿದ ಮರಕ್ಕೆ ಹುಳು ಹಿಡಿಯದೆಂಬ ನಂಬಿಕೆ ಇದೆ. ಮರದೊಳಗಿನ ಪಿಷ್ಟ ಕಡಿಮೆಯಾದಷ್ಟೂ ಕೊರೆಯುವ ಹುಳುವಿನ ಬಾಧೆ ಕಡಿಮೆಯೆಂಬುದು ನಿಜ. ಆ ಪಿಷ್ಟವು ಋತುವಿನೊಂದಿಗೆ ಹೆಚ್ಚು ಕಡಿಮೆಯಾಗುತ್ತದೆ.

ಬುಡವನ್ನು ಬೆಂಕಿಯಲ್ಲಿ ಕರಕಲು ಮಾಡಿ ನೆಡುವ ರೂಢಿ ಹಳೆಯದು. ಇದ್ದಿಲನ್ನು ಶಿಲೀಂಧ್ರ ತಿನ್ನದಿರುವುದು ಹೌದಾದರೂ, ಒಣಗುವಾಗ ಇದ್ದಿಲ ಪದರ ಬಿರುಕು ಬಿಟ್ಟು ಒಳಗಿನ ಮರ ತೆರೆದುಕೊಳ್ಳುತ್ತದೆ. ಸುಟ್ಟಷ್ಟು ಮರದ ದಪ್ಪವೂ ನಷ್ಟ. ಡಾಂಬರು ಬಳಿಯುವುದಿದ್ದರೆ ಚೆನ್ನಾಗಿ ಒಣಗಿದ ಮರಕ್ಕೆ ಮಾತ್ರ ಬಳಿಯಬೇಕು. ಹಸಿ ಮರಕ್ಕೆ ಬಳಿದರೆ ತೇವವು ಒಳಗೇ ಸಿಕ್ಕಿಕೊಂಡು ಹೊರಗೆ ಕಪ್ಪಗೆ ಹೊಳೆಯುತ್ತಿರುವ ಕಂಬ ಒಳಗೆ ಕೊಳೆಯುತ್ತದೆ. ಬುಡದ ಅಡಿಮುಖಕ್ಕೆ ಡಾಂಬರು ಬಳಿಯದೆ, ನೆಲದ ಮಟ್ಟದಿಂದ ಮೇಲೆ ಆರು ಅಂಗುಲ, ಕೆಳಗೆ ಒಂದು ಅಡಿಯವರೆಗೆ ಬಳಿಯುವುದು ಉತ್ತಮ. ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಎಂಜಿನ್ ಎಣ್ಣೆಯನ್ನು ಸುರಿಯುವ ಅಭ್ಯಾಸ ವ್ಯಾಪಕವಾಗಿದೆ. ಅದು ಮರವನ್ನು ಕಾಯುವುದಕ್ಕಿಂತ ಹೆಚ್ಚಾಗಿ ಮಣ್ಣನ್ನು ಕೆಡಿಸುತ್ತದೆ. ತರಕಾರಿ ಪಾತಿಯ ಪಕ್ಕದಲ್ಲಿ ಅದನ್ನು ಬಳಸಲೇಬಾರದು.

ಕಾರ್ಖಾನೆಯಲ್ಲಿ ಒತ್ತಡದ ಕೊಳವೆಯೊಳಗೆ ರಾಸಾಯನಿಕ ತುಂಬಿಸಿದ ಕಂಬಗಳು ಹೆಚ್ಚು ಬಾಳುತ್ತವೆ. ಮೈಲುತುತ್ತವೊಂದನ್ನೇ ನೀರಿನಲ್ಲಿ ಕರಗಿಸಿ ನೆನೆಸಿದರೆ ಅದು ಮಳೆಗೆ ತೊಳೆದುಹೋಗುತ್ತದೆ. ಕ್ರೋಮಿಯಂ ಲವಣ ಸೇರಿಸಿದರೆ ತಾಮ್ರ ಮತ್ತು ಆರ್ಸೆನಿಕ್ ಮರದ ನಾರಿನಲ್ಲಿ ಬಿಗಿಯಾಗಿ ನಿಲ್ಲುತ್ತವೆ ಎಂಬ ತತ್ವದ ಮೇಲೆ 1933ರಲ್ಲಿ ತಾಮ್ರ-ಕ್ರೋಮ್-ಆರ್ಸೆನಿಕ್ ಮಿಶ್ರಣವನ್ನು ರೂಪಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್. ಜಗತ್ತಿನಾದ್ಯಂತ ಬಳಕೆಗೆ ಬಂದ ಈ ಮಿಶ್ರಣವನ್ನು ಆರ್ಸೆನಿಕ್‌ನ ಕಾರಣದಿಂದ ಅಮೆರಿಕದಲ್ಲಿ 2003ರ ಕೊನೆಯಿಂದ ಮನೆಬಳಕೆಯ ಮರಗಳಿಗೆ ಕೈಬಿಡಲಾಯಿತು. ಹಸಿರು ಛಾಯೆಯ ಇಂಥ ಕಂಬಗಳ ತುಂಡುಗಳನ್ನು ಒಲೆಗೆ ಹಾಕಬಾರದು. ಹೊಗೆ ಮತ್ತು ಬೂದಿ ಎರಡೂ ವಿಷ. ಬೋರಾಕ್ಸ್ ಮಿಶ್ರಣವು ಮನೆಯೊಳಗಿನ ಮರಕ್ಕೆ ಒಳ್ಳೆಯದಾದರೂ ನೆಲದಲ್ಲಿ ಹೂತ ಕಂಬದಿಂದ ನೀರಿನೊಂದಿಗೆ ಹೊರಟುಹೋಗುತ್ತದೆ.

ಆಳ ಮತ್ತು ಅಂತರ

ನೆಲದ ಮೇಲಿನ ಎತ್ತರದ ಅರ್ಧದಷ್ಟು, ಅಂದರೆ ಒಟ್ಟು ಉದ್ದದ ಮೂರನೆಯ ಒಂದು ಭಾಗ ನೆಲದೊಳಗಿರಬೇಕೆಂಬುದು ಎಲ್ಲೆಡೆ ಒಪ್ಪಿದ ಲೆಕ್ಕ. ನಾಲ್ಕು ಅಡಿ ಎತ್ತರದ ಬೇಲಿಗೆ ಆರು ಅಡಿಯ ಕಂಬ; ಎರಡು ಅಡಿ ಒಳಗೆ. ಎರೆಯಲ್ಲಿ ಇದನ್ನು ಎರಡೂವರೆಯಿಂದ ಮೂರು ಅಡಿಗೆ ಏರಿಸುವುದು ಒಳ್ಳೆಯದು. ಕೂಲಿಯ ಲೆಕ್ಕ ನೋಡಿ ಒಂದೂವರೆ ಅಡಿಗೆ ನಿಲ್ಲಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ನಾಲ್ಕು ಅಡಿ ಎತ್ತರದಲ್ಲಿ ಒಂದು ಎಮ್ಮೆ ಒರಗಿದಾಗ ಕಂಬವು ಸನ್ನೆಗೋಲಿನಂತೆ ವರ್ತಿಸಿ ನೆಲವನ್ನು ಒತ್ತುತ್ತದೆ. ಮರಳುಮಿಶ್ರ ಮಸಾರಿಯಲ್ಲಿ ಈ ತಳ್ಳುವಿಕೆಯನ್ನು ತಡೆಯುವ ಶಕ್ತಿ ಆಳಕ್ಕಿಂತ ವೇಗವಾಗಿ ಏರುತ್ತದೆ. ಆಳವನ್ನು ಒಂದೂವರೆ ಅಡಿಯಿಂದ ಎರಡು ಅಡಿಗೆ ಇಳಿಸಿದರೆ ತಡೆಯುವ ಶಕ್ತಿ ಲೆಕ್ಕದಲ್ಲಿ ಇಮ್ಮಡಿಯಷ್ಟಾಗುತ್ತದೆ. ಎರಡೂವರೆ ಅಡಿಗೆ ಹೆಚ್ಚುಕಡಿಮೆ ನಾಲ್ಮಡಿ. ಅರ್ಧ ಅಡಿ ಹೆಚ್ಚು ಅಗೆಯುವ ಶ್ರಮಕ್ಕೆ ಇಷ್ಟು ಫಲ ಬೇರಾವ ಉಪಾಯದಿಂದಲೂ ಬಾರದು.

ಮುಳ್ಳುತಂತಿಗೆ ಕಂಬದಿಂದ ಕಂಬಕ್ಕೆ ಎಂಟರಿಂದ ಹತ್ತು ಅಡಿ, ಗಾಳಿ ತಡೆಯುವ ತಟ್ಟಿ ಅಥವಾ ಹಲಗೆಯ ಬೇಲಿಗೆ ಆರು ಅಡಿ ಅಂತರ ಸಾಕು.

ನೆಡುವ ಕ್ರಮ

ಮೊದಲು ಮೂಲೆಗಳಲ್ಲಿ ಗೂಟ ಹೊಡೆದು ದಾರ ಕಟ್ಟಬೇಕು. ದಾರವನ್ನು ಕಂಬಗಳ ಹೊರಮೈಗೆ ತಾಗುವಂತೆ ಹಿಡಿದರೆ ಕಂಬಗಳ ದಪ್ಪ ಬೇರೆ ಬೇರೆಯಾಗಿದ್ದರೂ ಸಾಲು ನೇರವಾಗಿ ಕಾಣುತ್ತದೆ. ಅಗೆಯುವ ಜಾಗದಲ್ಲಿ ನಳದ ಕೊಳವೆ ಅಥವಾ ವಿದ್ಯುತ್ ತಂತಿ ಹಾದುಹೋಗಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಊರೊಳಗಿನ ನೀರಿನ ಕೊಳವೆಗಳು ಬಹಳ ಕಡೆ ಅಂಗೈ ಆಳದಲ್ಲಿಯೇ ಇರುತ್ತವೆ.

ಗುಂಡಿಯ ಅಗಲ ಕಂಬದ ದಪ್ಪದ ಮೂರರಷ್ಟಿರಬೇಕು. ಹಾರೆಯಿಂದ ಅಗೆಯುವಾಗ ಬಾಯಿ ಅಗಲವಾಗಿ ತಳ ಕಿರಿದಾಗುವುದು ಸಹಜ; ಹಾಗಾಗಲು ಬಿಡಬಾರದು. ಗೋಡೆ ನೆಟ್ಟಗಿರಬೇಕು, ಸಾಧ್ಯವಾದರೆ ತಳವೇ ಸ್ವಲ್ಪ ಅಗಲವಿರಬೇಕು. ಗರಸು ನೆಲ ಗಟ್ಟಿಯಾಗಿದ್ದರೆ ಒಂದು ಅಡಿ ಅಗೆದು ನೀರು ತುಂಬಿ ರಾತ್ರಿ ಬಿಟ್ಟರೆ ಬೆಳಗ್ಗೆ ಹಾರೆ ಇಳಿಯುತ್ತದೆ. ತಳದಲ್ಲಿ ನಾಲ್ಕು ಅಂಗುಲ ದಪ್ಪ ಜಲ್ಲಿ ಅಥವಾ ದಪ್ಪ ಗರಸು ಹಾಕಿ ಗುದ್ದಬೇಕು. ಕಂಬದ ಬುಡ ಈ ಜಲ್ಲಿಯ ಮೇಲೆ ಕೂತಾಗ ಮರದಲ್ಲಿ ಇಳಿದ ನೀರು ಬಸಿದುಹೋಗುತ್ತದೆ. ಕಂಬದ ದಪ್ಪ ತುದಿ, ಅಂದರೆ ಮರದ ಬುಡದ ಕಡೆ, ಕೆಳಗಿರಬೇಕು; ತಿರುಳು ಅಲ್ಲಿ ಹೆಚ್ಚು.

ಮಣ್ಣು ತುಂಬಿ ನೆಡುವುದು: ಕಂಬವನ್ನು ನಿಲ್ಲಿಸಿ, ತೂಗುಗುಂಡು ಅಥವಾ ರಸಮಟ್ಟದಿಂದ ಒಂದಕ್ಕೊಂದು ಲಂಬವಾದ ಎರಡು ಬದಿಗಳಲ್ಲಿ ನೋಡಿ, ಎರಡು ಅಡ್ಡಕೋಲುಗಳಿಂದ ತಾತ್ಕಾಲಿಕವಾಗಿ ಬಿಗಿಯಬೇಕು. ಅನಂತರ ನಾಲ್ಕರಿಂದ ಆರು ಅಂಗುಲದ ಪದರಗಳಲ್ಲಿ ಗರಸು ಹಾಕಿ, ಪ್ರತಿ ಪದರವನ್ನೂ ಹಾರೆಯ ಹಿಂಬದಿಯಿಂದಲೋ ಮರದ ದಮ್ಮಸಿನಿಂದಲೋ ಗುದ್ದುತ್ತಾ ಬರಬೇಕು. ಹಾರೆ ಬಿದ್ದಾಗ 'ಧಪ್' ಎನ್ನುವ ಶಬ್ದ ಹೋಗಿ 'ಠಣ್' ಎನ್ನುವವರೆಗೆ ಗುದ್ದಬೇಕೆಂದು ಕೆಲಸ ಬಲ್ಲವರು ಹೇಳುತ್ತಾರೆ. ಮಣ್ಣು ತುಸು ತೇವವಿರಬೇಕು, ಕೆಸರಾಗಬಾರದು. ಗುಂಡಿ ತುಂಬಾ ಮಣ್ಣು ಸುರಿದು ಕೊನೆಗೆ ಮೇಲೆ ಮಾತ್ರ ತುಳಿಯುವುದು, ಅಥವಾ ಕೊಡ ನೀರು ಸುರಿದು ಮಣ್ಣು ತಾನೇ ಕೂರುತ್ತದೆಂದು ಬಿಡುವುದು, ಇವೆರಡೂ ಕಂಬ ಸಡಿಲವಾಗುವುದಕ್ಕೆ ನೇರ ಕಾರಣಗಳು. ಸರಿಯಾಗಿ ಗುದ್ದಿದರೆ ಅಗೆದು ತೆಗೆದ ಮಣ್ಣಿನ ಬಹುಪಾಲು ಗುಂಡಿಗೇ ಹಿಡಿಯುತ್ತದೆ. ಕಂಬವೂ ಜಲ್ಲಿಯೂ ಜಾಗ ಹಿಡಿದಿದ್ದರೂ ಮಣ್ಣು ದೊಡ್ಡ ಗುಡ್ಡೆಯಾಗಿ ಉಳಿದಿದ್ದರೆ ಗುದ್ದಿದ್ದು ಸಾಲದು. ಕೊನೆಯಲ್ಲಿ ಕಂಬದ ಸುತ್ತ ನೆಲಕ್ಕಿಂತ ಮೂರು ಅಂಗುಲ ಎತ್ತರಕ್ಕೆ ಮಣ್ಣಿನ ದಿಬ್ಬ ಮಾಡಿ ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡಬೇಕು.

ಕಾಂಕ್ರೀಟಿನಲ್ಲಿ ನೆಡುವುದು: ಬಾಗಿಲ ಕಂಬ, ಮೂಲೆಗಂಬ ಮತ್ತು ಸಡಿಲ ಮರಳು ನೆಲಗಳಿಗೆ ಕಾಂಕ್ರೀಟು ಉಪಯುಕ್ತ. ಸಾಲಿನ ಪ್ರತಿಯೊಂದು ಕಂಬಕ್ಕೂ ಅದು ಬೇಕೆಂಬುದು ಈಚಿನ ರೂಢಿ, ಅಗತ್ಯವಲ್ಲ. ಒಂದು ಭಾಗ ಸಿಮೆಂಟು, ಎರಡು ಭಾಗ ಉಸುಕು, ನಾಲ್ಕು ಭಾಗ ಜಲ್ಲಿಯ ಮಿಶ್ರಣ ಸಾಕು. ಒಂದು ಅಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿಗೆ ನಾಲ್ಕು ಅಂಗುಲದ ಕಂಬ ನಿಲ್ಲಿಸಿದರೆ ಸುಮಾರು 40 ಲೀಟರಿನಷ್ಟು ಕಾಂಕ್ರೀಟು, ಅಂದರೆ 13 ಕಿಲೋ ಸಿಮೆಂಟು ಹಿಡಿಯುತ್ತದೆ. 50 ಕಿಲೋದ ಒಂದು ಚೀಲ ಮೂರು ಕಂಬಗಳಿಗೆ ಧಾರಾಳ, ನಾಲ್ಕಕ್ಕೆ ತುಸು ಕೊರತೆ. ಕಾಂಕ್ರೀಟಿನ ತೊಟ್ಟಿಯೊಳಗೆ ಕಂಬದ ಬುಡ ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಮುಖ್ಯ. ಮರ ಒಣಗಿ ಕುಗ್ಗಿದಾಗ ಕಾಂಕ್ರೀಟಿಗೂ ಮರಕ್ಕೂ ನಡುವೆ ಸಂದು ಬಿಡುತ್ತದೆ. ಅದರಲ್ಲಿ ಇಳಿದ ಮಳೆನೀರಿಗೆ ಕೆಳಗೆ ದಾರಿಯಿಲ್ಲದಿದ್ದರೆ ಕಂಬವು ಲೋಟದಲ್ಲಿ ನಿಂತ ಕೋಲಿನಂತೆ ವರ್ಷವಿಡೀ ನೆನೆಯುತ್ತದೆ. ಆದ್ದರಿಂದ ಬುಡ ಜಲ್ಲಿಯಲ್ಲಿ ಇಳಿದಿರಬೇಕು, ಕಾಂಕ್ರೀಟು ಅದರ ಸುತ್ತ ಮಾತ್ರ ಇರಬೇಕು, ಮೇಲ್ಮೈ ನೆಲಕ್ಕಿಂತ ಎತ್ತರವಾಗಿ ಹೊರಕ್ಕೆ ಇಳಿಜಾರಾಗಿರಬೇಕು, ಸಂದನ್ನು ಡಾಂಬರಿನಿಂದ ಮುಚ್ಚಬೇಕು. ಬೇಸಿಗೆಯಲ್ಲಿ ಹಾಕಿದ ಕಾಂಕ್ರೀಟಿಗೆ ಒದ್ದೆ ಗೋಣಿತಾಟು ಹೊದಿಸಿ ಒಂದು ವಾರ ನೀರುಣಿಸಬೇಕು. ಅಷ್ಟು ದಿನವೂ ತಂತಿ ಎಳೆಯಬಾರದು.

ಎರೆ ನೆಲದಲ್ಲಿ: ಅಗೆದು ತೆಗೆದ ಎರೆಮಣ್ಣನ್ನು ಮತ್ತೆ ಗುಂಡಿಗೆ ತುಂಬಬಾರದು. ಮಳೆಗಾಲದಲ್ಲಿ ಅದು ಕಂಬವನ್ನು ಹಿಂಡುತ್ತದೆ, ಬೇಸಿಗೆಯಲ್ಲಿ ಕಂಬದಿಂದ ದೂರ ಸರಿದು ಸುತ್ತ ಬಿರುಕು ಬಿಡುತ್ತದೆ. ಹೀಗೆ ನಾಲ್ಕಾರು ಸುತ್ತು ಆಗುವಷ್ಟರಲ್ಲಿ ಕಂಬವನ್ನು ಕೈಯಿಂದ ಎತ್ತಬಹುದು. ಹೊರಗಿನಿಂದ ಗರಸು ತಂದು ತುಂಬುವುದೇ ಸರಿಯಾದ ದಾರಿ. ಒಂದು ಬಂಡಿ ಗರಸಿನ ಖರ್ಚು ಮತ್ತೆ ಬೇಲಿ ಕಟ್ಟುವ ಖರ್ಚಿನ ಮುಂದೆ ಏನೂ ಅಲ್ಲ. ಉಬ್ಬುವ ಎರೆ ನಯವಾದ ಕಾಂಕ್ರೀಟನ್ನು ಹಿಡಿದು ಮೇಲಕ್ಕೆತ್ತುತ್ತದೆ. ಇದನ್ನು ತಡೆಯಲು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಕಟ್ಟಡಗಳ ಅಡಿಪಾಯಕ್ಕಾಗಿ ತಳ ಉಬ್ಬಿದ ಕಾಂಕ್ರೀಟು ಗೂಟಗಳನ್ನು ರೂಪಿಸಿತು. ಭಾರತೀಯ ಮಾನಕ 2911ರ ಮೂರನೆಯ ಭಾಗ ಅದಕ್ಕೆ ಸಂಬಂಧಿಸಿದೆ. ಅದೇ ತತ್ವವನ್ನು ಹಿತ್ತಲಿನ ಅಳತೆಗೆ ಇಳಿಸಿಕೊಂಡು, ಗುಂಡಿಯ ತಳವನ್ನು ಗಡಿಗೆಯ ಹೊಟ್ಟೆಯಂತೆ ಅಗಲಿಸಿ, ಕಂಬದ ಬುಡದಲ್ಲಿ ಒಂದು ಅಡ್ಡಕಟ್ಟಿಗೆ ಬಿಗಿದು ಗರಸಿನಲ್ಲಿ ಹೂತರೆ ಕಂಬ ಏಳುವುದು ಬಹಳ ಕಡಿಮೆಯಾಗುತ್ತದೆ. ಎರೆಯಲ್ಲಿ ಕಂಬ ನೆಡಲು ದೀಪಾವಳಿಯ ನಂತರದ ಕಾಲ ಯೋಗ್ಯ. ಆಗ ನೆಲ ತೀರ ಒಣಗಿಯೂ ಇರುವುದಿಲ್ಲ, ತೀರ ನೆನೆದೂ ಇರುವುದಿಲ್ಲ.

ಕಲ್ಲಿನ ಗೂಟಕ್ಕೆ ಬಿಗಿಯುವುದು: ಬಂಡೆಗಲ್ಲು ಸಮೃದ್ಧವಾಗಿರುವ ಈ ಸೀಮೆಯಲ್ಲಿ ಮರವನ್ನು ನೆಲಕ್ಕೆ ಮುಟ್ಟಿಸದೆಯೇ ನಿಲ್ಲಿಸುವ ಉಪಾಯವೊಂದುಂಟು. ಮೂರೂವರೆ ಅಡಿಯ ಕಲ್ಲಿನ ಗೂಟವನ್ನು ಎರಡು ಅಡಿ ಹೂತು, ಹೊರಗುಳಿದ ಒಂದೂವರೆ ಅಡಿಗೆ ಮರದ ಕಂಬವನ್ನು ಎರಡು ಬೋಲ್ಟುಗಳಿಂದ ಬಿಗಿಯುತ್ತಾರೆ. ಮರದ ಬುಡ ನೆಲದಿಂದ ಎರಡು ಅಂಗುಲ ಮೇಲಿರುವುದರಿಂದ ಕೊಳೆಯುವುದು ನಿಧಾನ; ಮರ ಕೆಟ್ಟರೂ ಅಗೆಯದೆ ಬದಲಾಯಿಸಬಹುದು. ಗೆದ್ದಲು ಕಲ್ಲಿನ ಮೇಲೆ ಮಣ್ಣಿನ ಹಾದಿ ಕಟ್ಟಿಕೊಂಡೇ ಏರಬೇಕಾದ್ದರಿಂದ ಕಣ್ಣಿಗೆ ಬೀಳುತ್ತದೆ, ಕೆರೆದು ತೆಗೆಯಬಹುದು.

ಮೂಲೆಗಂಬ

ತಂತಿಯ ಸೆಳೆತವೆಲ್ಲ ಮೂಲೆಗಂಬಗಳ ಮೇಲೆ ಬೀಳುತ್ತದೆ. ಸಾಲಿನ ಒಂದು ಕಂಬ ಹೋದರೆ ಬೇಲಿ ಆ ಜಾಗದಲ್ಲಿ ಮಾತ್ರ ಸಡಿಲ; ಮೂಲೆ ಹೋದರೆ ಎರಡು ಬದಿಯ ಬೇಲಿಯೂ ಹೋದಂತೆ. ಮೂಲೆಗಂಬಕ್ಕೆ ಬೇಲಿಯ ಎರಡೂ ದಿಕ್ಕುಗಳಲ್ಲಿ ಒಳಗಿನಿಂದ ಓರೆಯಾಗಿ ಊರುಗೋಲು ಕೊಡಬೇಕು. ಊರುಗೋಲಿನ ಕೆಳತುದಿಯನ್ನು ಬರಿ ಮಣ್ಣಿಗೆ ಒತ್ತದೆ ಚಪ್ಪಡಿ ಕಲ್ಲಿಗೆ ಆನಿಸಬೇಕು. ಊರುಗೋಲು ನೆಟ್ಟಗಿದ್ದಷ್ಟೂ ಅದು ಮೂಲೆಗಂಬವನ್ನು ಮೇಲಕ್ಕೆತ್ತುತ್ತದೆ; ಆದುದರಿಂದ ಅದು ಉದ್ದವಾಗಿ, ಹೆಚ್ಚು ವಾಲಿಕೊಂಡಿರುವುದು ಮೇಲು.

ದೊಡ್ಡ ತೋಟಗಳಿಗೆ ಇನ್ನೂ ಬಲವಾದದ್ದು ಜೋಡಿಕಂಬದ ಕಟ್ಟು. ಮೂಲೆಗಂಬದಿಂದ ಆರೇಳು ಅಡಿ ದೂರದಲ್ಲಿ ಇನ್ನೊಂದು ದಪ್ಪ ಕಂಬ ನೆಟ್ಟು, ಎರಡರ ನಡುವೆ ಮೇಲ್ಭಾಗದಲ್ಲಿ ಅಡ್ಡತೊಲೆ ಕೂರಿಸಿ, ಓರೆ ತಂತಿಯನ್ನು ತಿರುಚಿ ಬಿಗಿಯುತ್ತಾರೆ. ಈ ಓರೆ ತಂತಿ ಮೂಲೆಗಂಬದ ಬುಡದಿಂದ ಎರಡನೆಯ ಕಂಬದ ತಲೆಗೆ ಹೋಗಬೇಕು. ತಿರುವುಮುರುವಾಗಿ ಕಟ್ಟಿದರೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಹಾಗೆ ಕಟ್ಟಿದ ಬೇಲಿಗಳು ರಸ್ತೆಯುದ್ದಕ್ಕೂ ಕಾಣಸಿಗುತ್ತವೆ.

ಜೀವಂತ ಕಂಬ

ಗೊಬ್ಬರದ ಗಿಡವೆಂದು ಹೆಸರಾದ ಗ್ಲಿರಿಸಿಡಿಯಾ, ಹಾಲಿವಾಣ, ನುಗ್ಗೆ ಮೊದಲಾದವುಗಳ ಹಸಿ ಕೊಂಬೆಯನ್ನೇ ಕಂಬವಾಗಿ ನೆಟ್ಟರೆ ಅದು ಬೇರುಬಿಟ್ಟು ಮರವಾಗುತ್ತದೆ. ಜೀವಂತ ಮರವನ್ನು ಶಿಲೀಂಧ್ರವಾಗಲಿ ಗೆದ್ದಲಾಗಲಿ ಸುಲಭವಾಗಿ ತಿನ್ನಲಾರದು. ಇಂಥ ಕೊಂಬೆಯ ತೊಗಟೆ ಸುಲಿಯಬಾರದು, ತಲೆಕೆಳಗಾಗಿ ನೆಡಬಾರದು, ಬೇರು ಹಿಡಿಯುವ ಮೊದಲು ತಂತಿ ಬಿಗಿಯಬಾರದು. ಒಣಭೂಮಿಯಲ್ಲಿ ಮುಂಗಾರಿನ ಆರಂಭದಲ್ಲಿಯೇ ನೆಟ್ಟು ಮೊದಲ ಬೇಸಿಗೆಗೆ ನೀರು ಕೊಡಬೇಕು. ಮೂರು ಒಣಕಂಬಕ್ಕೆ ಒಂದರಂತೆ ಜೀವಂತ ಕಂಬ ಸೇರಿಸುತ್ತಾ ಹೋದರೆ ಒಣಕಂಬಗಳು ಕೆಡುವ ವೇಳೆಗೆ ಬೇಲಿ ತನ್ನ ಕಾಲ ಮೇಲೆ ನಿಂತಿರುತ್ತದೆ. ಗ್ಲಿರಿಸಿಡಿಯಾದ ಸೊಪ್ಪು ಹೊಲಕ್ಕೆ ಹಸಿರುಗೊಬ್ಬರವೂ ಹೌದು.

ಗಡಿ ಮತ್ತು ಕಾನೂನು

ಕಂಬ ನೆಡುವ ಮೊದಲು ಗಡಿ ಖಚಿತವಾಗಿರಬೇಕು. ಬಾಂದುಕಲ್ಲು ಕಾಣದಿದ್ದರೆ ಹದ್ದುಬಸ್ತಿಗೆ ಅರ್ಜಿ ಸಲ್ಲಿಸಿ ಭೂಮಾಪಕರಿಂದ ಅಳೆಯಿಸಿಕೊಳ್ಳುವ ವ್ಯವಸ್ಥೆಯಿದೆ. ಬಾಂದುಕಲ್ಲನ್ನು ಕೀಳುವುದು ಅಥವಾ ಸರಿಸುವುದು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಪ್ರಕಾರ ದಂಡನೀಯ. ಅಣ್ಣತಮ್ಮಂದಿರ ನಡುವೆ ಒಂದು ಗೇಣು ಜಾಗಕ್ಕಾಗಿ ಹುಟ್ಟಿದ ವ್ಯಾಜ್ಯ ಎರಡು ತಲೆಮಾರು ನಡೆದದ್ದನ್ನು ಕಾಣದ ಊರಿಲ್ಲ; ಅಳತೆಯ ಶುಲ್ಕ ಅದಕ್ಕಿಂತ ಅಗ್ಗ.

ಸ್ವಂತ ಭೂಮಿಯಲ್ಲಿರುವ ಮರವನ್ನು ಕಡಿಯಲು ಸಹ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಡಿ ಅನುಮತಿ ಬೇಕು. ನೀಲಗಿರಿ, ಸರ್ವೆ, ಬಳ್ಳಾರಿ ಜಾಲಿ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ತಂತಿಬೇಲಿಗೆ ಮನೆಯ ಅಥವಾ ಪಂಪಿನ ವಿದ್ಯುತ್ತನ್ನು ನೇರವಾಗಿ ಹರಿಸುವುದು ಅಪರಾಧ. ಕಾಡುಹಂದಿಗೆಂದು ಹಾಕಿದ ಕರೆಂಟಿಗೆ ದನ ಕಾಯುವ ಹುಡುಗರೂ ಸ್ವತಃ ಹೊಲದ ಮಾಲೀಕರೂ ಬಲಿಯಾಗಿದ್ದಾರೆ. ಒದ್ದೆಯಾದ ಮರದ ಕಂಬ ವಿದ್ಯುತ್ತನ್ನು ತಡೆಯುತ್ತದೆಂಬ ಭರವಸೆ ಸುಳ್ಳು. ಸೌರಶಕ್ತಿಯ ಬೇಲಿಗಳಲ್ಲಿ ಕ್ಷಣಕಾಲದ ಮಿಡಿತವನ್ನು ಮಾತ್ರ ಹರಿಸುವ ಪ್ರತ್ಯೇಕ ಉಪಕರಣವಿರುತ್ತದೆ. ಅದನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು.

ನಿರ್ವಹಣೆ

ಕಂಬದ ನೆತ್ತಿಯನ್ನು ಓರೆಯಾಗಿ ಕತ್ತರಿಸಿ ಅಥವಾ ತಗಡಿನ ಟೋಪಿ ಹೊಡೆದು ನೀರು ನಿಲ್ಲದಂತೆ ಮಾಡಬೇಕು. ಮರವು ಬದಿಗಳಿಗಿಂತ ಕಡಿದ ತುದಿಯಿಂದಲೇ ಹೆಚ್ಚು ನೀರು ಹೀರುತ್ತದೆ. ಬುಡದ ಸುತ್ತ ಕಸ, ಹುಲ್ಲು, ತಿಪ್ಪೆಗೊಬ್ಬರ ಸೇರಬಾರದು. ಎರೆ ನೆಲದಲ್ಲಿ ನೆಟ್ಟ ಮೊದಲ ಬೇಸಿಗೆಯಲ್ಲಿ ಕಂಬದ ಸುತ್ತ ಬಿಟ್ಟ ಬಿರುಕಿಗೆ ಉಸುಕು ಅಥವಾ ಸಣ್ಣ ಗರಸು ತುಂಬಿ ಗುದ್ದಬೇಕು. ಆ ಬಿರುಕನ್ನು ಹಾಗೆಯೇ ಬಿಟ್ಟರೆ ಮೊದಲ ಮಳೆಯ ನೀರು ನೇರವಾಗಿ ಬುಡಕ್ಕೆ ಇಳಿಯುತ್ತದೆ. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಪ್ರತಿ ಕಂಬದ ಬುಡದ ಮಣ್ಣನ್ನು ಒಂದು ಗೇಣು ಕೆದಕಿ ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಬೇಕು. ಅರ್ಧ ಅಂಗುಲಕ್ಕಿಂತ ಹೆಚ್ಚು ಮೆತ್ತಗೆ ಇಳಿದರೆ ಆ ಕಂಬ ಕೊಳೆಯತೊಡಗಿದೆ. ಅದರ ಪಕ್ಕಕ್ಕೆ ಕಲ್ಲಿನ ಗೂಟವೊಂದನ್ನು ಹೂತು ಬೋಲ್ಟಿನಿಂದ ಜೋಡಿಸಿದರೆ, ನೆಲದ ಮೇಲಿನ ಗಟ್ಟಿ ಭಾಗವನ್ನು ಇನ್ನೂ ಹಲವು ವರ್ಷ ಬಳಸಬಹುದು.